ದೇವರ ಪಟ ಮತ್ತು ಟಿ.ವಿ.: ಮನೆ ಬದಲಿಸುವವರ ಒಂದು ಚರಿತ್ರೆ

ಬಾಡಿಗೆ ಮನೆ ಬದಲಿಸಿ ಅಭ್ಯಾಸವಿರುವ ಯಾವುದೇ ಕುಟುಂಬವನ್ನು ಕೇಳಿ ನೋಡಿ. ಸಾಮಾನು ಕಟ್ಟುವುದಕ್ಕೂ ಒಂದು ಕ್ರಮವಿದೆ. ಮೊದಲು ಅಟ್ಟದ ಮೇಲಿನ ಹಳೆಯ ಪಾತ್ರೆ, ಟ್ರಂಕು, ಯಾರೂ ಬಳಸದ ತೊಟ್ಟಿಲು ಕೆಳಗಿಳಿಯುತ್ತವೆ. ಆಮೇಲೆ ಪುಸ್ತಕ, ಬಟ್ಟೆಬರೆ. ಹೊರಡುವ ಹಿಂದಿನ ರಾತ್ರಿ ಅಡುಗೆಮನೆಯ ಡಬ್ಬಿಗಳು ಗೋಣಿಚೀಲ ಸೇರುತ್ತವೆ. ಕಟ್ಟಕಡೆಗೆ ಉಳಿಯುವವು ಎರಡು: ಗೂಡಿನಲ್ಲಿರುವ ದೇವರ ಪಟ ಮತ್ತು ಹಜಾರದಲ್ಲಿರುವ ಟಿ.ವಿ. ಹೊಸ ಮನೆಯಲ್ಲಿ ಮೊದಲು ನೆಲೆ ಕಾಣುವವೂ ಹೆಚ್ಚುಕಡಿಮೆ ಇವೇ ಎರಡು. ಹಾಲು ಉಕ್ಕಿಸಿ, ದೀಪ ಹಚ್ಚಿದ ಮೇಲೆ ಮಕ್ಕಳು, ಕೆಲವೊಮ್ಮೆ ಹಿರಿಯರೂ, ಕೇಳುವ ಮೊದಲ ಪ್ರಶ್ನೆ ‘ಟಿ.ವಿ. ಯಾವಾಗ ಹಾಕೋದು?’ ಎಂಬುದೇ.

ಇದು ಬರಿಯ ನಗೆಯ ಮಾತಲ್ಲ. ಟಿ.ವಿ. ಪ್ರಿಯರ ಮನೆ ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವಾಗ ಏನೇನು ಕಳಚಬೇಕು, ಏನೇನು ಹೊರಬೇಕು, ಏನನ್ನು ಬಿಟ್ಟು ಹೋಗಬೇಕು ಎಂಬುದರಲ್ಲಿ ನಮ್ಮ ಟಿ.ವಿ. ಚರಿತ್ರೆಯೇ ಅಡಗಿದೆ. ಒಂದು ಕಾಲದಲ್ಲಿ ಪ್ರೇಕ್ಷಕನನ್ನು ಮನೆಗೆ ಕಟ್ಟಿಹಾಕಿದ್ದು ತಾರಸಿಯ ಆಂಟೆನಾ. ಅನಂತರ ಕೇಬಲ್ಲಿನ ಕಪ್ಪು ತಂತಿ. ಅದಾದ ಮೇಲೆ ಬಾಲ್ಕನಿಯ ತಟ್ಟೆ. ಈಗ ಮೊಬೈಲಿನಲ್ಲಿ ಒತ್ತುವ ಒಂದು ಗುಪ್ತಪದ. ಕಟ್ಟು ಸಡಿಲವಾದಷ್ಟೂ ಹೊರಡುವುದು ಸುಲಭವಾಯಿತು. ಆದರೆ ಪ್ರತಿ ಸಲವೂ ಹಿಂದೆ ಉಳಿದದ್ದು ಬರೀ ತಂತಿ, ಕಂಬಗಳಲ್ಲ.

ಮನೆಯೇ ಇಲ್ಲದ ಟಿ.ವಿ.

ಭಾರತದಲ್ಲಿ ಟಿ.ವಿ. ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ, ಪ್ರಾಯೋಗಿಕವಾಗಿ. ಮುಂಬಯಿಗೆ ಅದು ಬಂದದ್ದು 1972ರಲ್ಲಿ. ಕರ್ನಾಟಕದ ಮಟ್ಟಿಗೆ ಮೊದಲ ದೊಡ್ಡ ಅನುಭವ ನಗರದ ಹಜಾರದಲ್ಲಿ ಆದದ್ದಲ್ಲ, ಹಳ್ಳಿಯ ಬಯಲಿನಲ್ಲಿ ಆದದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆಗಳು ಹೋದವು. ನಮ್ಮಲ್ಲಿ ಅದಕ್ಕೆ ಆಯ್ಕೆಯಾದವು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಸುಮಾರು ಮೂರು ಮೀಟರ್ ಅಗಲದ ತಂತಿಬಲೆಯ ತಟ್ಟೆಯೊಂದನ್ನು ಆಕಾಶಕ್ಕೆ ತಿರುಗಿಸಿ, ಶಾಲೆಯ ಮುಂದೆಯೋ ಚಾವಡಿಯಲ್ಲೋ ಪೆಟ್ಟಿಗೆ ಇಟ್ಟು ಊರಿಗೆ ಊರೇ ಕೂತು ನೋಡಿತು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಮಾತು ಕನ್ನಡದಲ್ಲೇ ಕೇಳಿಬಂತು.

ಆ ಟಿ.ವಿ.ಗೆ ಮನೆಯೇ ಇರಲಿಲ್ಲ; ಅದು ಊರಿನದು. ಆದ್ದರಿಂದ ಅದನ್ನು ಹೊತ್ತು ಮನೆ ಬದಲಿಸುವ ಪ್ರಶ್ನೆಯೂ ಹುಟ್ಟಲಿಲ್ಲ. ತಮಾಷೆಯೆಂದರೆ, ಆ ಪ್ರಸಂಗದಲ್ಲಿ ಮನೆ ಬದಲಿಸಿದ್ದು ಉಪಗ್ರಹವೇ! ಪ್ರಯೋಗಕ್ಕೆ ಬಳಸಿದ ‘ಎ.ಟಿ.ಎಸ್.-6’ ಅಮೆರಿಕದ ನಾಸಾ ಸಂಸ್ಥೆಯದು. ಒಂದು ವರ್ಷದ ಮಟ್ಟಿಗೆ ಅದನ್ನು ಭಾರತಕ್ಕೆ ಕಾಣುವಂತೆ ಆಕಾಶದಲ್ಲಿ ಸರಿಸಿ ನಿಲ್ಲಿಸಲಾಗಿತ್ತು. ಅವಧಿ ಮುಗಿಯಿತು, ಅದು ಅಮೆರಿಕದ ಕಡೆಗೆ ಹೊರಟುಹೋಯಿತು. ಉಪಗ್ರಹವನ್ನೇ ನಂಬಿದ್ದ ಹಳ್ಳಿಯ ಪೆಟ್ಟಿಗೆಗಳು ಮೌನವಾದವು. ಇದಾದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಕೇಂದ್ರ ಆರಂಭವಾಯಿತು. 1981ರಲ್ಲಿ ಬೆಂಗಳೂರಿಗೂ ದೂರದರ್ಶನ ಬಂತು.

ಟಿ.ವಿ. ಮನೆಮನೆಯ ಸಾಮಾನಾದದ್ದು 1982ರ ಅನಂತರ. ಆ ವರ್ಷದ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಬಣ್ಣದ ಪ್ರಸಾರ ಬಂತು, ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ನಡೆಯಿತು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಬಳಿಕ ಸಣ್ಣ ಊರುಗಳಲ್ಲೂ ಮರುಪ್ರಸಾರದ ಗೋಪುರಗಳು ಎದ್ದವು. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಅದಕ್ಕೆ ಎರಡೂ ಬದಿಗೆ ಸರಿಯುವ ಬಾಗಿಲು, ಮೇಲೆ ಕಸೂತಿಯ ಹೊದಿಕೆ, ಹೊದಿಕೆಯ ಮೇಲೊಂದು ಪ್ಲಾಸ್ಟಿಕ್ ಹೂದಾನಿ: ಇದು ಅಂದಿನ ಮಧ್ಯಮವರ್ಗದ ಹಜಾರದ ಚಿತ್ರ. ಸಾಲಿಡೇರ್, ಡಯನೋರಾ, ಬಿ.ಪಿ.ಎಲ್. ಎಂಬ ಹೆಸರುಗಳು ಮನೆಯ ಸದಸ್ಯರ ಹೆಸರಿನಷ್ಟೇ ಬಾಯಿಗೆ ಪರಿಚಿತವಾಗಿದ್ದವು.

ದಿಕ್ಕು ತಪ್ಪಿದ ಆಂಟೆನಾ

ಈಗ ಮನೆ ಬದಲಿಸುವ ವಿಚಾರ. ಆ ಕಾಲದ ಟಿ.ವಿ. ಅಭಿಮಾನಿ ಹೊಸ ಮನೆ ನೋಡಲು ಹೋದರೆ ನೀರು ಬರುವ ಹೊತ್ತು, ಬಾಡಿಗೆ, ಮುಂಗಡ ಇಷ್ಟನ್ನು ವಿಚಾರಿಸಿ ಸುಮ್ಮನಾಗುತ್ತಿರಲಿಲ್ಲ. ‘ತಾರಸಿಗೆ ಹೋಗಲು ಬಿಡುತ್ತೀರಾ?’ ಎಂದು ಮಾಲೀಕರನ್ನು ಕೇಳುತ್ತಿದ್ದ. ಆಂಟೆನಾ ಹಾಕಲು ತಾರಸಿ ಬೇಕು. ಹೆಂಚಿನ ಮನೆಯಾದರೆ ಗೋಡೆಗೆ ಕಬ್ಬಿಣದ ಪೈಪು ಬಿಗಿಯಲು ಅಪ್ಪಣೆ ಬೇಕು. ಅದು ಸಿಗದಿದ್ದರೆ ಎಷ್ಟೇ ಒಳ್ಳೆಯ ಮನೆಯಾದರೂ ಪ್ರಯೋಜನವಿಲ್ಲ.

ಮೀನಿನ ಮುಳ್ಳಿನಂತೆ ಕಾಣುತ್ತಿದ್ದ ಆ ಆಂಟೆನಾದ ಹೆಸರು ಯಾಗಿ-ಉಡಾ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿಡೆಟ್ಸುಗು ಯಾಗಿ ಮತ್ತು ಶಿಂಟಾರೊ ಉಡಾ 1926ರ ಹೊತ್ತಿಗೆ ರೂಪಿಸಿದ್ದು. ಅದರ ಮರ್ಮ ಇಷ್ಟೇ: ತಂತಿಗೆ ಜೋಡಿಸಿದ ಕೊಳವೆಯೊಂದು ಅಲೆಯನ್ನು ಹಿಡಿಯುತ್ತದೆ. ಅದರ ಹಿಂದಿರುವ ಉದ್ದದ ಕೊಳವೆ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿರುವ ಗಿಡ್ಡ ಕೊಳವೆಗಳು ದಾರಿ ತೋರುತ್ತವೆ. ಹೀಗಾಗಿ ಅದು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವುದಿಲ್ಲ. ಗಿಡ್ಡ ಕೊಳವೆಗಳ ತುದಿ ಪ್ರಸಾರದ ಗೋಪುರದತ್ತ ಇದ್ದರೆ ಮಾತ್ರ ಚಿತ್ರ ಚೆನ್ನಾಗಿ ಬರುತ್ತದೆ. ಕೊಳವೆಯ ಉದ್ದವೂ ಮನಬಂದಂತೆ ಇಟ್ಟದ್ದಲ್ಲ. ಅಲೆಯ ಉದ್ದದ ಸುಮಾರು ಅರ್ಧದಷ್ಟಿರಬೇಕು. 60 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲ್ ಆದರೆ ಅಲೆ ಐದು ಮೀಟರ್, ಕೊಳವೆ ಸುಮಾರು ಎರಡೂವರೆ ಮೀಟರ್. ಕೆಲವು ಊರಿನ ಆಂಟೆನಾ ಆಳೆತ್ತರ ಮೀರಿ ಅಗಲವಾಗಿದ್ದು, ಇನ್ನು ಕೆಲವು ಊರಿನದು ಚಿಕ್ಕದಾಗಿದ್ದು ಇದೇ ಕಾರಣಕ್ಕೆ. ಒಂದು ಊರಿನಿಂದ ಕಳಚಿ ತಂದ ಆಂಟೆನಾ ಇನ್ನೊಂದು ಊರಿನ ಚಾನೆಲ್ಲಿಗೆ ಹೊಂದದೆ, ವರ್ಗವಾಗಿ ಬಂದ ನೌಕರರು ಹೊಸದನ್ನೇ ಕೊಳ್ಳಬೇಕಾಗಿ ಬರುತ್ತಿದ್ದುದೂ ಉಂಟು.

ಒಂದೇ ಊರೊಳಗೆ ಮನೆ ಬದಲಿಸಿದರೂ ದಿಕ್ಕು ಬದಲಾಗುತ್ತಿತ್ತು. ಬೆಂಗಳೂರು ದೂರದರ್ಶನದ ನೆಲೆ ಜಯಚಾಮರಾಜೇಂದ್ರ ನಗರದಲ್ಲಿ. ಜಯನಗರದ ತಾರಸಿಯಲ್ಲಿ ಉತ್ತರಕ್ಕೆ ಮುಖ ಮಾಡಿದ್ದ ಆಂಟೆನಾ ಯಲಹಂಕಕ್ಕೆ ಹೋದರೆ ದಕ್ಷಿಣಕ್ಕೆ ತಿರುಗಬೇಕು. ಅಭಿಮಾನಿಯಾದವನು ಅಕ್ಕಪಕ್ಕದ ತಾರಸಿಗಳನ್ನೊಮ್ಮೆ ನೋಡುತ್ತಿದ್ದ. ಎಲ್ಲರ ಆಂಟೆನಾ ಎತ್ತ ಮುಖ ಮಾಡಿದೆಯೋ ತನ್ನದೂ ಅತ್ತಲೇ. ಆಮೇಲೆ ಒಂದು ನಾಟಕ ನಡೆಯುತ್ತಿತ್ತು. ಮೇಲೆ ಒಬ್ಬ ಪೈಪು ಹಿಡಿದು ತಿರುಗಿಸುವುದು, ಕೆಳಗೆ ಟಿ.ವಿ. ಮುಂದೆ ಒಬ್ಬರು, ಮೆಟ್ಟಿಲ ಬಳಿ ಮಾತು ಸಾಗಿಸಲು ಇನ್ನೊಬ್ಬರು. ‘ಬಂತು, ಬಂತು... ಹೋಯ್ತು! ಸ್ವಲ್ಪ ಹಿಂದಕ್ಕೆ!’ ಹೊಸ ಬೀದಿಗೆ ಬಂದ ಕುಟುಂಬದ ಮೊದಲ ಪರಿಚಯ ನೆರೆಯವರಿಗೆ ಆಗುತ್ತಿದ್ದುದು ಹೆಚ್ಚಾಗಿ ಈ ಕೂಗಿನಿಂದಲೇ. ಎದುರು ಮನೆಯವರು ಹೊರಬಂದು, ‘ಇನ್ನೂ ಬಲಕ್ಕೆ ತಿರುಗಿಸಿ’ ಎಂದು ಸಲಹೆ ಕೊಟ್ಟರೆಂದರೆ ಸ್ನೇಹ ಬೆಳೆಯಿತೆಂದೇ ಅರ್ಥ.

ಹೊಸ ಮನೆಯ ಪಕ್ಕ ಎತ್ತರದ ಕಟ್ಟಡವಿದ್ದರೆ ಇನ್ನೊಂದು ತೊಂದರೆ. ಪರದೆಯ ಮೇಲಿನ ಪ್ರತಿಯೊಬ್ಬ ನಟನ ಪಕ್ಕದಲ್ಲಿ ಅವನದೇ ಮಸುಕು ನೆರಳೊಂದು ನಿಲ್ಲುತ್ತಿತ್ತು. ‘ದೆವ್ವ’ ಎಂದೇ ಇದಕ್ಕೆ ಹೆಸರು. ಗೋಪುರದಿಂದ ನೇರ ಬರುವ ಅಲೆಯ ಜೊತೆಗೆ ಕಟ್ಟಡಕ್ಕೆ ಬಡಿದು ಸುತ್ತಿ ಬರುವ ಅಲೆಯೂ ಆಂಟೆನಾ ಸೇರುವುದೇ ಇದಕ್ಕೆ ಕಾರಣ. ಟಿ.ವಿ. ಪರದೆಯ ಒಂದು ಗೆರೆಯ ಕಾಣುವ ಭಾಗವನ್ನು ಎಳೆಯಲು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಹತ್ತು ಲಕ್ಷದ 52 ಭಾಗ. ಅಲೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರ್ ಓಡುತ್ತದೆ. ಸುತ್ತಿ ಬಂದ ಅಲೆ 300 ಮೀಟರ್ ಹೆಚ್ಚು ನಡೆದಿದ್ದರೆ, ನಲವತ್ತು ಸೆಂಟಿಮೀಟರ್ ಅಗಲದ ಪರದೆಯಲ್ಲಿ ನೆರಳು ಸುಮಾರು ಎಂಟು ಮಿಲಿಮೀಟರ್ ಬಲಕ್ಕೆ ಸರಿದು ಮೂಡುತ್ತದೆ. ಅಂದರೆ ದೆವ್ವದ ದೂರ ಅಳೆದು ತಪ್ಪಿತಸ್ಥ ಕಟ್ಟಡ ಎಲ್ಲಿದೆಯೆಂದು ಊಹಿಸಬಹುದಿತ್ತು!

ಎದೆಗೆ ಅಪ್ಪಿಕೊಂಡು ಹೊತ್ತದ್ದು

ಸಾಗಾಟದ ದಿನ ಬೇರೆಲ್ಲ ಸಾಮಾನು ಲಾರಿಯವರ ಕೈಗೆ. ಟಿ.ವಿ. ಮಾತ್ರ ಮನೆಯವರ ತೊಡೆಯ ಮೇಲೆ. ಆಟೊದಲ್ಲಿ ಹಾಸಿಗೆ ಸುತ್ತಿ ಕೂರಿಸಿಕೊಂಡು, ಪ್ರತಿ ಹಳ್ಳಕ್ಕೂ ‘ನಿಧಾನ, ನಿಧಾನ’ ಎನ್ನುತ್ತ ಹೋಗಬೇಕಿತ್ತು. 21 ಅಂಗುಲದ ಹಳೆಯ ಟಿ.ವಿ. ಇಪ್ಪತ್ತು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಆ ತೂಕದ ಬಹುಭಾಗ ಮುಂದಿನ ಗಾಜಿನದು. ಒಳಗೆ ಗಾಳಿಯೇ ಇಲ್ಲದ ಕೊಳವೆಯಾದ್ದರಿಂದ ಹೊರಗಿನ ಗಾಳಿಯ ಒತ್ತಡ ತಾಳಲು ಗಾಜು ದಪ್ಪಗಿರಲೇಬೇಕು. ಆದ್ದರಿಂದಲೇ ತಿಳಿದವರು ಪರದೆಯ ಕಡೆಯನ್ನು ತಮ್ಮ ಎದೆಗೆ ಮಾಡಿ ಹೊರುತ್ತಿದ್ದರು. ಬೆನ್ನಿನ ಕಡೆ ಹಿಡಿದರೆ ಮುಂದಕ್ಕೆ ವಾಲಿ ಕೈತಪ್ಪುವ ಭಯ.

ಹೊಸ ಮನೆಯಲ್ಲಿ ಬಣ್ಣದ ಟಿ.ವಿ. ಹಾಕಿದಾಗ ಮೂಲೆಯಲ್ಲಿ ಹಸಿರೋ ನೇರಳೆಯೋ ಕಲೆ ಕಂಡು ಮನೆಯವರು ಗಾಬರಿಯಾಗುತ್ತಿದ್ದುದೂ ಉಂಟು. ಸಾಗಿಸುವಾಗ ಒಳಗೇನೋ ಒಡೆಯಿತೆಂದೇ ಭಾವನೆ. ಕಾರಣ ಬೇರೆಯೇ ಇರುತ್ತಿತ್ತು. ಬಣ್ಣದ ಕೊಳವೆಯೊಳಗೆ ಎಲೆಕ್ಟ್ರಾನುಗಳ ಮೂರು ಧಾರೆಗಳು ಸಣ್ಣ ರಂಧ್ರಗಳ ಲೋಹದ ಹಾಳೆಯ ಮೂಲಕ ಹಾದು ತಮ್ಮ ತಮ್ಮ ಬಣ್ಣದ ಚುಕ್ಕಿಗೆ ಬಡಿಯಬೇಕು. ಭೂಮಿಯ ಕಾಂತಶಕ್ತಿ ಆ ಧಾರೆಯನ್ನು ಕೊಂಚ ಬಾಗಿಸುತ್ತದೆ. ಹಳೆಯ ಮನೆಯಲ್ಲಿ ಪೂರ್ವಕ್ಕಿದ್ದ ಟಿ.ವಿ. ಹೊಸ ಮನೆಯಲ್ಲಿ ಉತ್ತರಕ್ಕೆ ಕೂತರೆ ಬಾಗುವಿಕೆ ಬದಲಾಗುತ್ತದೆ, ಚುಕ್ಕಿ ತಪ್ಪುತ್ತದೆ. ಇದಕ್ಕೆಂದೇ ಪೆಟ್ಟಿಗೆಯೊಳಗೆ ತಂತಿಯ ಸುರುಳಿಯೊಂದಿರುತ್ತಿತ್ತು. ಸ್ವಿಚ್ ಹಾಕಿದ ಕ್ಷಣ ‘ಧುಮ್’ ಎಂದು ಕೇಳುತ್ತಿದ್ದ ಸದ್ದು ಅದರದೇ. ಒಳಗಿನ ಲೋಹಕ್ಕೆ ಅಂಟಿದ ಕಾಂತತ್ವವನ್ನು ಅದು ಅಳಿಸುತ್ತಿತ್ತು. ಕೆಲವು ಸಲ ಆರಿಸಿ, ತಣಿಯಲು ಬಿಟ್ಟು ಮತ್ತೆ ಹಾಕಿದರೆ ಕಲೆ ಮಾಯ. ವಾಸ್ತು ನೋಡಿ ಟಿ.ವಿ. ತಿರುಗಿಸಿದರೆ ಚಿತ್ರ ಸರಿಹೋಯಿತು ಎಂದು ನಂಬಿದವರೂ ಇದ್ದಿರಬಹುದು.

ಅಭಿಮಾನಿಯ ಗಂಟಿನಲ್ಲಿ ಇನ್ನೂ ಒಂದು ವಸ್ತು ಇರುತ್ತಿತ್ತು: ವಿಡಿಯೊ ಕ್ಯಾಸೆಟ್ಟುಗಳ ಪೆಟ್ಟಿಗೆ. ಮೆಚ್ಚಿನ ಧಾರಾವಾಹಿಯ ಕಂತು, ಕ್ರಿಕೆಟ್ ಪಂದ್ಯ, ಮದುವೆಯ ದೃಶ್ಯ ಎಲ್ಲ ಒಂದೇ ಟೇಪಿನ ಮೇಲೆ. ಮಲೆನಾಡಿನ, ಕರಾವಳಿಯ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತಿತ್ತು. ಅಂಥದ್ದನ್ನು ಯಂತ್ರಕ್ಕೆ ಹಾಕಿದರೆ ಯಂತ್ರವೂ ಕೆಡುತ್ತಿತ್ತು. ಮನೆ ಬದಲಿಸುವ ಗಡಿಬಿಡಿಯಲ್ಲಿ ಮೊದಲು ಗುಜರಿಗೆ ಹೋದದ್ದು ಈ ಕ್ಯಾಸೆಟ್ಟುಗಳೇ. ಪ್ರಸಾರವಾಗಿ ಎಲ್ಲೂ ಉಳಿಯದ ಎಷ್ಟೋ ಕಾರ್ಯಕ್ರಮಗಳು ಅವುಗಳ ಜೊತೆಗೆ ಹೋಗಿರಬಹುದು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ನೆರೆಮನೆಯ ಜಮಖಾನ

ಟಿ.ವಿ. ಇದ್ದ ಮನೆ ಬೀದಿ ಬಿಟ್ಟು ಹೋಗುವುದೆಂದರೆ ಆ ಕಾಲದಲ್ಲಿ ಬೀದಿಗೇ ನಷ್ಟ. 1984ರ ಜುಲೈ 7ರಂದು ‘ಹಮ್ ಲೋಗ್’ ಆರಂಭವಾದಾಗ ಪ್ರತಿ ಮನೆಯಲ್ಲೂ ಟಿ.ವಿ. ಇರಲಿಲ್ಲ. ಶಂಕರ್ ನಾಗ್ ನಿರ್ದೇಶಿಸಿ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಬಂದಾಗಲೂ ಇರಲಿಲ್ಲ. 1987ರ ಜನವರಿ 25ರಂದು ‘ರಾಮಾಯಣ’, 1988ರ ಅಕ್ಟೋಬರ್ 2ರಂದು ‘ಮಹಾಭಾರತ’ ಶುರುವಾದವು. ಭಾನುವಾರ ಬೆಳಗ್ಗೆ ಬೀದಿಗಳು ಬರಿದಾಗುತ್ತಿದ್ದವು. ಟಿ.ವಿ.ಗೆ ಹಾರ ಹಾಕಿ ಊದುಬತ್ತಿ ಹಚ್ಚಿದವರಿದ್ದರು. ಬೀದಿಯ ಒಂದೆರಡು ಮನೆಗಳ ಹಜಾರ ಆ ಹೊತ್ತಿಗೆ ಚಿಕ್ಕ ಚಿತ್ರಮಂದಿರವಾಗುತ್ತಿತ್ತು. ಮನೆಯೊಡತಿ ಜಮಖಾನ ಹಾಸುತ್ತಿದ್ದಳು. ಮಕ್ಕಳು ಮುಂದೆ, ಹೆಂಗಸರು ಗೋಡೆಗೊರಗಿ, ಗಂಡಸರು ಬಾಗಿಲಲ್ಲಿ, ಕೆಲಸದವರು ಕಿಟಕಿಯ ಆಚೆ.

ಕಿಟಕಿಯ ಆಚೆ ಎಂಬುದನ್ನು ಮರೆಯಬಾರದು. ಯಾರು ಕುರ್ಚಿಯಲ್ಲಿ, ಯಾರು ನೆಲದಲ್ಲಿ, ಯಾರು ಹೊಸ್ತಿಲಾಚೆ ಎಂಬ ಲೆಕ್ಕ ಟಿ.ವಿ. ಮುಂದೆಯೂ ಅಳಿಯಲಿಲ್ಲ. ಜಾತಿ, ವರ್ಗಗಳ ಗೆರೆ ಅಲ್ಲೂ ಎಳೆದೇ ಇತ್ತು. ಕೆಲವು ಮನೆಗಳಲ್ಲಿ ಮಕ್ಕಳಿಂದ ನಾಲ್ಕಾಣೆ, ಎಂಟಾಣೆ ವಸೂಲಿಯೂ ಇತ್ತು. ಹಳೆಯ ನೆನಪೆಲ್ಲ ಸಿಹಿಯೆಂದು ಹೇಳುವುದು ಸುಳ್ಳಾದೀತು. ಆದರೂ ಕತೆಯೊಂದನ್ನು ಒಟ್ಟಿಗೆ ಕೂತು ನೋಡಿ, ಮುಂದಿನ ವಾರ ಏನಾಗಬಹುದೆಂದು ಬಾವಿಕಟ್ಟೆಯಲ್ಲಿ, ಅಂಗಡಿ ಜಗಲಿಯಲ್ಲಿ ಏಳು ದಿನ ಚರ್ಚಿಸುವ ಸುಖ ಆ ದಿನಗಳಿಗಿತ್ತು. ಆ ಮನೆಯವರು ಬೇರೆ ಊರಿಗೆ ವರ್ಗವಾದರೆ, ಲಾರಿ ಹೊರಟ ಮೇಲೆ ಅಕ್ಕಪಕ್ಕದ ಮಕ್ಕಳ ಮುಖದಲ್ಲಿ ಕಾಣುತ್ತಿದ್ದ ದುಃಖಕ್ಕೆ ಗೆಳೆಯ ಹೋದನೆಂಬುದೊಂದೇ ಕಾರಣವಲ್ಲ.

ಬಳುವಳಿ ಮತ್ತು ಪಾಲು

ಮನೆ ಬಿಡುವುದೆಂದರೆ ಬಾಡಿಗೆ ಬದಲಾವಣೆ ಮಾತ್ರವಲ್ಲ. ನಮ್ಮಲ್ಲಿ ಮನೆ ಬಿಡುವವರಲ್ಲಿ ಮೊದಲಿಗರು ಮದುವೆಯಾದ ಹೆಣ್ಣುಮಕ್ಕಳು. 80 ಮತ್ತು 90ರ ದಶಕದಲ್ಲಿ ಟಿ.ವಿ., ಸ್ಕೂಟರ್, ಫ್ರಿಜ್ ಎಂಬ ಮೂರು ಹೆಸರು ಮದುವೆ ಮಾತುಕತೆಯಲ್ಲಿ ಒಟ್ಟೊಟ್ಟಿಗೆ ಕೇಳಿಬರುತ್ತಿದ್ದವು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂಬ ನಿಯಮ 1985ರಲ್ಲಿ ಬಂತು. ಆದರೂ ‘ಹುಡುಗಿಗೆ ಬೇಸರವಾಗದಿರಲಿ ಎಂದು ಪ್ರೀತಿಯಿಂದ ಕೊಟ್ಟದ್ದು’ ಎಂಬ ಹೆಸರಿನಲ್ಲಿ ಬಣ್ಣದ ಟಿ.ವಿ. ಗಂಡಿನ ಮನೆ ಸೇರುತ್ತಿತ್ತು. ಅದನ್ನು ತಂದವಳಿಗೆ ತನ್ನ ಇಷ್ಟದ ಕಾರ್ಯಕ್ರಮ ನೋಡುವ ಹಕ್ಕು ಮಾತ್ರ ಅದರ ಜೊತೆ ಬರುತ್ತಿತ್ತೆಂದು ಹೇಳಲಾಗದು. ಮಾವನ ವಾರ್ತೆ, ಮೈದುನನ ಕ್ರಿಕೆಟ್ ಮುಗಿದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೇ ಅವಳ ಪಾಲು.

ಅಣ್ಣತಮ್ಮಂದಿರು ಬೇರೆಯಾದಾಗ ಹೊಲ, ಮನೆ, ಪಾತ್ರೆಗಳ ಪಾಲಿಗೆ ಹಿರಿಯರು ಕೂತು ದಾರಿ ಹುಡುಕುತ್ತಿದ್ದರು. ಟಿ.ವಿ. ಹೋಳಾಗದ ವಸ್ತು. ಒಬ್ಬನಿಗೆ ಟಿ.ವಿ., ಇನ್ನೊಬ್ಬನಿಗೆ ಅದರ ಬದಲು ಬೀರು ಎಂದಾಗುತ್ತಿತ್ತು. ಎರಡನೆಯವನ ಮಕ್ಕಳು ನಿನ್ನೆಯವರೆಗೆ ತಮ್ಮದೂ ಆಗಿದ್ದ ಟಿ.ವಿ.ಯನ್ನು ಇಂದಿನಿಂದ ದೊಡ್ಡಪ್ಪನ ಮನೆಗೆ ಹೋಗಿ ನೋಡಬೇಕು. ಮಾತು ಬಿಟ್ಟ ಮನೆಗಳಲ್ಲಿ ಅದೂ ಇಲ್ಲ. ಎಷ್ಟೋ ಮನೆಗಳಲ್ಲಿ ಹೊಸ ಟಿ.ವಿ. ಕಂತಿನ ಮೇಲೆ ಬಂದದ್ದು ಇಂಥ ಹಟದಿಂದ.

ತಂತಿಯ ಹುಡುಗ, ಕನ್ನಡದ ವಾಹಿನಿ

1991ರಲ್ಲಿ ಕೊಲ್ಲಿ ಯುದ್ಧವನ್ನು ಉಪಗ್ರಹ ಟಿ.ವಿ.ಯಲ್ಲಿ ನೇರವಾಗಿ ಕಂಡ ಮೇಲೆ ನಗರಗಳ ಬಡಾವಣೆಗಳಲ್ಲಿ ಕೇಬಲ್ಲಿನವರು ಹುಟ್ಟಿಕೊಂಡರು. ಒಂದು ದೊಡ್ಡ ತಟ್ಟೆ, ಅಲ್ಲಿಂದ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಹಾರುವ ಕಪ್ಪು ತಂತಿ. 1995ರಲ್ಲಿ ಇದಕ್ಕೊಂದು ಕಾಯ್ದೆಯೂ ಬಂತು. ಮನೆ ಬದಲಿಸುವವರ ಕೆಲಸ ಹಗುರವಾಯಿತು. ಆಂಟೆನಾ ಬಿಚ್ಚುವ, ದಿಕ್ಕು ಹುಡುಕುವ ಗೋಜಿಲ್ಲ. ಹಳೆಯ ಕೇಬಲ್ಲಿನ ಹುಡುಗನಿಗೆ ತಿಂಗಳ ಬಾಕಿ ಕೊಟ್ಟು, ಹೊಸ ಬೀದಿಯ ಕೇಬಲ್ಲಿನವನ ವಿಳಾಸ ಕೇಳಿದರೆ ಮುಗಿಯಿತು. ಆದರೆ ಅವನು ಕೊಟ್ಟ ಚಾನೆಲ್ಲುಗಳೇ ಗತಿ. ಹಳೆಯ ಬೀದಿಯಲ್ಲಿ ಬರುತ್ತಿದ್ದದ್ದು ಹೊಸ ಬೀದಿಯಲ್ಲಿ ಬರದೆ ಇರಬಹುದು.

ಕನ್ನಡಿಗರ ಪಾಲಿಗೆ ಈ ಕಾಲದ ದೊಡ್ಡ ಘಟನೆ 1994ರ ಜೂನ್ 1ರಂದು ‘ಉದಯ ಟಿ.ವಿ.’ ಆರಂಭವಾದದ್ದು. ಅಲ್ಲಿಯವರೆಗೆ ನೌಕರಿಗಾಗಿ ಮುಂಬಯಿಗೋ ದೆಹಲಿಗೋ ಹೊರಟ ಕನ್ನಡಿಗ ತನ್ನ ಟಿ.ವಿ.ಯನ್ನು ಒಯ್ಯಬಹುದಿತ್ತು, ಅದರೊಳಗಿನ ಭಾಷೆಯನ್ನು ಒಯ್ಯುವಂತಿರಲಿಲ್ಲ. ಬೆಂಗಳೂರು ಕೇಂದ್ರದ ಕನ್ನಡ ಚಿತ್ರಗಳು, ಚಿತ್ರಗೀತೆಗಳು, ವಾರ್ತೆಗಳು ಗೋಪುರದ ಅಲೆ ಮುಟ್ಟುವ ದೂರಕ್ಕೆ ನಿಲ್ಲುತ್ತಿದ್ದವು. ಭಾನುವಾರ ಮಧ್ಯಾಹ್ನ ರಾಷ್ಟ್ರೀಯ ಜಾಲದಲ್ಲಿ ಪ್ರಾದೇಶಿಕ ಭಾಷೆಯ ಚಿತ್ರಗಳ ಸರದಿಯಲ್ಲಿ ಕನ್ನಡ ಬಂದರೆ ಬಂತು. ಅಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ಹಿಂದಿಯೋ ಮರಾಠಿಯೋ ಆಟದ ಭಾಷೆಯಾಗುತ್ತಿತ್ತು. ಉಪಗ್ರಹ ವಾಹಿನಿ ಬಂದ ಮೇಲೆ ಊರು ಬಿಟ್ಟವನ ಹಜಾರದಲ್ಲೂ ಕನ್ನಡದ ದನಿ ಸಾಧ್ಯವಾಯಿತು. ಅಲ್ಲಿನ ಕೇಬಲ್ಲಿನವನನ್ನು ‘ನಮ್ಮದೊಂದು ಚಾನೆಲ್ ಹಾಕಪ್ಪ’ ಎಂದು ಕಾಡಬೇಕಿತ್ತು, ಅಷ್ಟೇ. 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ದಿನವಹಿ ಧಾರಾವಾಹಿಯ ರುಚಿ ಹತ್ತಿಸಿತು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂತು. ಸಂಜೆಯ ಅಡುಗೆಯ ಹೊತ್ತು ಧಾರಾವಾಹಿಯ ಹೊತ್ತಿಗೆ ಹೊಂದಿಕೊಂಡಿತು.

ಆಕಾಶದ ಒಂದು ತುಂಡು

2003ರ ಅಕ್ಟೋಬರಿನಲ್ಲಿ ಡಿಶ್ ಟಿ.ವಿ., 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿ.ಟಿ.ಎಚ್. ಸೇವೆ ಬಂದ ಮೇಲೆ ‘ಸೈಟ್’ ಕಾಲದ ತಟ್ಟೆ ಚಿಕ್ಕದಾಗಿ ಮನೆಮನೆಗೆ ಮರಳಿತು. ಮೂರು ಮೀಟರಿನ ಬಲೆಯ ಜಾಗದಲ್ಲಿ ಮೊಳದುದ್ದಕ್ಕೂ ಸ್ವಲ್ಪ ಹೆಚ್ಚಿನ ತಟ್ಟೆ. ಈಗಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ, ಉಪಗ್ರಹದ ಶಕ್ತಿ ಹೆಚ್ಚು. ಅಲೆ ಸಣ್ಣದಾದ್ದರಿಂದಲೇ ಜೋರು ಮಳೆಯ ಹನಿಗಳು ಅದನ್ನು ನುಂಗುತ್ತವೆ. ಮಳೆ ಬಂದಾಗ ಧಾರಾವಾಹಿ ನಿಂತುಹೋಗುವುದು ಇದಕ್ಕೇ.

ಈ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ನಮಗೆ ಅದು ದಕ್ಷಿಣದ ಆಕಾಶ. ಆದ್ದರಿಂದ ಮನೆ ಹುಡುಕುವವರ ಪ್ರಶ್ನೆಯೂ ಬದಲಾಯಿತು. ತಾರಸಿಯ ಬದಲು ಬಾಲ್ಕನಿ. ಬಾಲ್ಕನಿ ಯಾವ ಕಡೆಗಿದೆ? ಉತ್ತರಕ್ಕೆ ಮಾತ್ರ ತೆರೆದ ಬಾಲ್ಕನಿಯಾದರೆ ಮೇಲಿನ ಮಹಡಿಗಳು ತಟ್ಟೆಗೆ ಅಡ್ಡ. ಬಾಡಿಗೆಯ ಜೊತೆಗೆ ಆಕಾಶದ ಒಂದು ತುಂಡೂ ಬೇಕು ಎನ್ನುವ ಸ್ಥಿತಿ. ಕೇಬಲ್ಲಿನಲ್ಲೇ ಉಳಿದವರಿಗೆ ಇನ್ನೊಂದು ಬಂಧನ. ಸರ್ಕಾರದ ಆದೇಶದಂತೆ 2013ರ ಮಾರ್ಚ್ ಕೊನೆಯ ಗಡುವಿನೊಳಗೆ ಬೆಂಗಳೂರು, ಮೈಸೂರುಗಳ ಕೇಬಲ್ ಡಿಜಿಟಲ್ ಆಗಬೇಕಾಯಿತು, ಪ್ರತಿ ಟಿ.ವಿ.ಗೂ ಒಂದು ಪುಟ್ಟ ಪೆಟ್ಟಿಗೆ ಬಂತು. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಜಾಲದಲ್ಲಿ ನಡೆಯದು. ಬೀದಿ ಬದಲಾದರೆ ಪೆಟ್ಟಿಗೆಯೂ ವ್ಯರ್ಥವಾಗಬಹುದು. ಎಲ್ಲೆಡೆ ನಡೆಯುವ ಪೆಟ್ಟಿಗೆ ಬೇಕೆಂದು 2020ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿತು.

ಚಪ್ಪಟೆ ಟಿ.ವಿ. ಬಂದದ್ದು ಇದೇ ಕಾಲಕ್ಕೆ. ಒಬ್ಬರೇ ಎತ್ತಬಲ್ಲಷ್ಟು ಹಗುರ, ಆದರೆ ಮೂಲೆಗೆ ಮೊಣಕೈ ತಗುಲಿದರೂ ಬಿರುಕು. ಹಳೆಯ ದಪ್ಪ ಟಿ.ವಿ.ಯನ್ನು ಹೊಸ ಮನೆಗೆ ಒಯ್ಯುವವರಿಲ್ಲ. ಅದರ ಗಾಜಿನಲ್ಲಿ ಸೀಸವಿದೆ, ಬೀದಿಯ ತಿಪ್ಪೆಗೆ ಎಸೆಯುವಂತಿಲ್ಲ. ಒಂದು ಕಾಲದಲ್ಲಿ ತೊಡೆಯ ಮೇಲೆ ಕೂತು ಬಂದ ವಸ್ತುವೀಗ ಖಾಲಿ ಮಾಡಿದ ಮನೆಯ ಮೆಟ್ಟಿಲ ಕೆಳಗೆ ಬಟ್ಟೆ ಮುಚ್ಚಿಕೊಂಡು ಕೂತಿರುವುದನ್ನು ಎಲ್ಲ ಊರಲ್ಲೂ ಕಾಣಬಹುದು.

ಕುಟುಂಬ ಎಂದರೆ ಯಾರು?

ಇಂದು ಮನೆ ಬಿಟ್ಟು ಹೊರಡುವ ಟಿ.ವಿ. ಅಭಿಮಾನಿ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವಳು ಅಥವಾ ಇಪ್ಪತ್ತರ ಆಸುಪಾಸಿನವನು. ಓದಿಗೋ ಕೆಲಸಕ್ಕೋ ಶಿವಮೊಗ್ಗದಿಂದ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟವರು. ಅವರ ಗಂಟಿನಲ್ಲಿ ಟಿ.ವಿ.ಯೇ ಇಲ್ಲ. ಪಿ.ಜಿ.ಯ ಮಂಚದ ಮೇಲೆ ಮೊಬೈಲೇ ಪರದೆ. ಕಟ್ಟುವುದು, ಹೊರುವುದು, ತಿರುಗಿಸುವುದು ಏನೂ ಇಲ್ಲ. ಬೇಕಾದದ್ದು ಮನೆಯವರ ಖಾತೆಯ ಗುಪ್ತಪದ. ಅಪ್ಪನ ಹಣ, ಮಗಳ ಆಯ್ಕೆ, ಅಮ್ಮನ ಧಾರಾವಾಹಿ ಎಲ್ಲ ಒಂದೇ ಖಾತೆಯಲ್ಲಿ. 2016ರ ಜನವರಿಯಲ್ಲಿ ಭಾರತಕ್ಕೆ ಬಂದ ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಇದಕ್ಕೆ ಕಡಿವಾಣ ಹಾಕಿತು. ಒಂದು ಖಾತೆ ಒಂದು ಮನೆಯವರಿಗೆ ಮಾತ್ರ ಎಂದಿತು. ಮನೆಯವರು ಯಾರು ಎಂದು ತೀರ್ಮಾನಿಸುವಾಗ ಅದು ನೋಡುವುದು ಇಂಟರ್‌ನೆಟ್ ಸಂಪರ್ಕ, ಸಾಧನಗಳ ಗುರುತು ಮುಂತಾದವನ್ನು. ರೇಷನ್ ಕಾರ್ಡಿನಲ್ಲಿ ಒಂದು ಅರ್ಥ, ಆಸ್ತಿಯ ಕಾನೂನಿನಲ್ಲಿ ಇನ್ನೊಂದು ಅರ್ಥ ಇರುವ ‘ಕುಟುಂಬ’ಕ್ಕೆ ಈಗ ಮೂರನೆಯದೊಂದು ಅರ್ಥ ಬಂದಿದೆ. ಹಾಸ್ಟೆಲಿನಲ್ಲಿರುವ ಮಗಳು ಈ ಮನೆಯವಳೋ ಅಲ್ಲವೋ ಎಂದು ಯಂತ್ರ ಕೇಳುತ್ತದೆ.

ಊರಿನ ಹಜಾರದಲ್ಲಿ ಆ ಹೊತ್ತಿಗೆ ಟಿ.ವಿ. ನಡೆದೇ ಇರುತ್ತದೆ. ಮಗಳಿದ್ದಾಗ ರಿಮೋಟಿಗೆ ಜಗಳವಿತ್ತು, ಈಗ ಕೇಳುವವರಿಲ್ಲ. ಆದರೂ ಹಲವು ಮನೆಗಳಲ್ಲಿ ಧಾರಾವಾಹಿ ಮುಗಿದ ಕೂಡಲೇ ಫೋನು ಹೋಗುತ್ತದೆ. ‘ಇವತ್ತು ನೋಡಿದ್ಯೇನೇ?’ ‘ಇಲ್ಲಮ್ಮ, ಏನಾಯ್ತು ಹೇಳು.’ ನೋಡಿದ್ದರೂ ನೋಡಿಲ್ಲವೆನ್ನುವ ಮಕ್ಕಳಿದ್ದಾರೆ. ಊಟ ಆಯಿತೇ, ಕೆಮ್ಮು ಹೋಯಿತೇ, ಓನರ್ ಜಗಳ ಮಾಡಿದರೇ ಎಂಬ ಮಾತಿಗೆಲ್ಲ ಆ ಕತೆಯೇ ಪೀಠಿಕೆ. 2020ರ ಮಾರ್ಚ್ 28ರಿಂದ ದೂರದರ್ಶನ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿದಾಗ, ಲಾಕ್‌ಡೌನ್ ಕಾರಣ ನಗರಗಳಿಂದ ಊರಿಗೆ ಮರಳಿದ್ದ ಮಕ್ಕಳು ಹಿರಿಯರ ಪಕ್ಕ ಕೂತು ಅದನ್ನು ನೋಡಿದರು. ಕೆಲವು ತಿಂಗಳ ಬಳಿಕ ಅವರು ಮತ್ತೆ ಚೀಲ ಕಟ್ಟಿದರು.

ಹಳೆಯ ಬಡಾವಣೆಗಳ ತಾರಸಿ ಹತ್ತಿ ನೋಡಿದರೆ ಇಂದಿಗೂ ಅಲ್ಲಲ್ಲಿ ಕಬ್ಬಿಣದ ಪೈಪುಗಳು ನಿಂತಿರುವುದು ಕಾಣುತ್ತದೆ. ಮೇಲಿನ ಕೊಳವೆಗಳು ಎಂದೋ ಉದುರಿವೆ. ನಾಲ್ಕಾರು ಬಾಡಿಗೆದಾರರು ಬಂದು ಹೋಗಿದ್ದಾರೆ. ಪೈಪನ್ನು ಯಾರು ನೆಟ್ಟರು ಎಂದು ಈಗಿನವರಿಗೆ ಗೊತ್ತಿಲ್ಲ. ಅದಕ್ಕೊಂದು ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ.